ಮರುಹುಟ್ಟಿನ ಕಥೆಗೆ ಎಂಥ ಚಿಕ್ಕದೊರೆ ಬೇಕು? ಬರೆಯಲು ಹೊರಟವರಿಗೆ ಒಂದು ಹೋಲಿಕೆ

ಪಿಯುಸಿ ಓದುತ್ತಿರುವ ನಮ್ಮ ಅಕ್ಕನ ಮಗ ಹೋದ ತಿಂಗಳು ಇನ್ನೂರು ಪುಟದ ನೋಟ್‌ಬುಕ್ ಹಿಡಿದುಕೊಂಡು ದಾವಣಗೆರೆಯ ನಮ್ಮ ಮನೆಗೆ ಬಂದ. ಅರ್ಧ ನೋಟ್‌ಬುಕ್ ಆಗಲೇ ತುಂಬಿತ್ತು. ಕಥೆ ಇಷ್ಟು: ಒಬ್ಬ ಹುಡುಗ ಅಪಘಾತದಲ್ಲಿ ಸಾಯುತ್ತಾನೆ. ಬೇರೆ ಲೋಕದಲ್ಲಿ ಒಬ್ಬ ಬ್ಯಾರನ್‌ನ, ಅಂದರೆ ಯುರೋಪಿನ ಮಾದರಿಯ ಚಿಕ್ಕ ಜಹಗೀರುದಾರನ, ಮೂರನೇ ಮಗನಾಗಿ ಹುಟ್ಟುತ್ತಾನೆ. ಹಿಂದಿನ ಜನ್ಮದ್ದೆಲ್ಲಾ ನೆನಪಿರುತ್ತದೆ. "ಮಾಮ, ಇದನ್ನೇ ಮುಂದುವರಿಸಲಾ, ಇಲ್ಲಾ ದುರ್ಗದ ಪಾಳೆಗಾರರ ಮನೆ ಹುಡುಗನ್ನ ಮಾಡಲಾ?" ಅಂತ ಕೇಳಿದ.

ಈ ಪ್ರಶ್ನೆ ನನಗೆ ಹೊಸದಲ್ಲ. ಶನಿವಾರ ಸಂಜೆ ನಮ್ಮ ಮಹಡಿ ಮೇಲೆ ಕಥೆ ಬರೆಯುವ ಏಳೆಂಟು ಹುಡುಗ ಹುಡುಗಿಯರು ಸೇರುತ್ತಾರೆ. ಮಂಡಕ್ಕಿ ಮಿರ್ಚಿ ತಿನ್ನುತ್ತಾ ಒಬ್ಬರ ಕಥೆ ಒಬ್ಬರು ಓದುತ್ತಾರೆ. ಅವರಲ್ಲಿ ನಾಲ್ವರ ಕೈಯಲ್ಲಿ ಇದೇ ಬಗೆಯ ಕಥೆ ಇದೆ. ದೊಡ್ಡ ಮನೆಯಲ್ಲಿ ಮತ್ತೆ ಹುಟ್ಟಿದ ಪುಟ್ಟ ಹುಡುಗ ಅಥವಾ ಹುಡುಗಿ, ತಲೆಯೊಳಗೆ ಹಳೇ ಬದುಕು. ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ: ಎಂಥ ಮನೆ, ಎಷ್ಟನೇ ಮಗು, ನೆನಪು ಯಾವಾಗ ಬರಬೇಕು, ಹಿಂದಿನ ಜನ್ಮದಲ್ಲಿ ಏನಾಗಿದ್ದ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಈ ಬಗೆಯ ಕಥೆ ನಮ್ಮ ಮಕ್ಕಳಿಗೆ ತಲುಪಿದ್ದು ಜಪಾನಿನಿಂದ. ಅಲ್ಲಿ 'ಶೊಸೆತ್ಸುಕಾ ನಿ ನಾರೋ' ಅಂತ ಒಂದು ತಾಣ 2004ರಲ್ಲಿ ಶುರುವಾಯಿತು. 'ಕಾದಂಬರಿಕಾರರಾಗೋಣ' ಅಂತ ಅದರ ಅರ್ಥ. ಯಾರು ಬೇಕಾದರೂ ಅಲ್ಲಿ ಕಥೆ ಹಾಕಬಹುದು. ಅಲ್ಲಿ ಬೆಳೆದ ಎಷ್ಟೋ ಕಥೆಗಳು ಪುಸ್ತಕವಾಗಿ, ಕಾಮಿಕ್ಸ್ ಆಗಿ, ಅನಿಮೆ ಆಗಿ ನಮ್ಮೂರಿನ ಮೊಬೈಲುಗಳಿಗೂ ಬಂದವು. ಬೇರೆ ಲೋಕದ ಕಥೆಗೆ 'ಇಸೆಕಾಯ್' ಅನ್ನುತ್ತಾರೆ, ಮತ್ತೆ ಹುಟ್ಟುವುದಕ್ಕೆ 'ತೆನ್ಸೇ'.

ಆದರೆ ಇದು ಪೂರ್ತಿ ಹೊರಗಿನ ಸರಕು ಅಂದುಕೊಳ್ಳಬೇಡಿ. ಹೊಯ್ಸಳರ ಕಾಲದ ಜನ್ನನ 'ಯಶೋಧರ ಚರಿತೆ' ನೋಡಿ. ಅಲ್ಲಿ ಬಲಿಗೆಂದು ಎಳೆದು ತಂದ ಅಭಯರುಚಿ ಅನ್ನುವ ಬಾಲಕ ರಾಜನ ಮುಂದೆ ನಿಂತು ತನ್ನ ಹಿಂದಿನ ಜನ್ಮಗಳನ್ನೆಲ್ಲಾ ಹೇಳುತ್ತಾನೆ. ಅವನೇ ಒಂದು ಕಾಲಕ್ಕೆ ಯಶೋಧರ ಅನ್ನುವ ದೊರೆ. ತಾಯಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ. ಆ ಸಂಕಲ್ಪದ ಪಾಪಕ್ಕೆ ನವಿಲಾಗಿ, ಇನ್ನೂ ಎಷ್ಟೋ ಪ್ರಾಣಿಯಾಗಿ, ಕೊನೆಗೆ ಕೋಳಿಯಾಗಿ ಹುಟ್ಟಿ ಸತ್ತ. ಆಮೇಲೆ ತನ್ನ ಮಗನಿಗೇ ಮಗನಾಗಿ ಅರಮನೆಯಲ್ಲಿ ಹುಟ್ಟಿದ. ತನ್ನ ಮಗನನ್ನೇ 'ಅಪ್ಪ' ಅಂತ ಕರೆಯಬೇಕಾದ ಹುಡುಗ! ಎಂಟುನೂರು ವರ್ಷದ ಹಿಂದೆ ಕನ್ನಡದಲ್ಲಿ ಬಂದ ಈ ಹುಡುಗನಿಗಿಂತ ಗಟ್ಟಿಯಾದ ಚಿಕ್ಕದೊರೆ ನನಗೆ ಇನ್ನೂ ಸಿಕ್ಕಿಲ್ಲ.

ಯಾಕೆ ಗಟ್ಟಿ? ಅವನ ತಪ್ಪಿಗೆ ಲೆಕ್ಕ ಇದೆ, ಅದಕ್ಕೆ. ಹೀಗಾಗಿ ಯಾವ ಆಯ್ಕೆ ಮುಂದೆ ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ. ಈ ಹುಡುಗ ತಪ್ಪು ಮಾಡಿದರೆ ಬೆಲೆ ತೆರುವವರು ಯಾರು? ಅವರ ಹೆಸರು ನಿಮಗೆ ಗೊತ್ತಾ? ಬಡವರ ಮನೆ ಹುಡುಗ ತಪ್ಪು ಮಾಡಿದರೆ ಅವನ ಬೆನ್ನಿಗೆ ಬೀಳುತ್ತದೆ. ದೊರೆ ಮಗ ತಪ್ಪು ಮಾಡಿದರೆ ಬೇರೆ ಯಾರದೋ ಬೆನ್ನಿಗೆ ಬೀಳುತ್ತದೆ. ಚಿಕ್ಕದೊರೆಯ ಕಥೆ ಬರೆಯಲು ಇರುವ ಒಳ್ಳೆಯ ಕಾರಣವೇ ಅದು.

ಬ್ಯಾರನ್‌ನ ಮನೆಯೋ, ನಿಜವಾದ ದುರ್ಗವೋ, ನೀವೇ ಕಟ್ಟಿದ ದುರ್ಗವೋ

ಬ್ಯಾರನ್ ಮನೆಯ ಅನುಕೂಲ ಎಲ್ಲರಿಗೂ ಗೊತ್ತಿರುವುದೇ. ಇತಿಹಾಸ ಓದಬೇಕಾಗಿಲ್ಲ. ಬ್ಯಾರನ್, ಕೌಂಟ್, ಡ್ಯೂಕ್ ಅಂತ ಏಣಿ ಸಿದ್ಧವಾಗಿದೆ. ಐದನೇ ವರ್ಷಕ್ಕೆ ಮಂತ್ರಶಕ್ತಿಯ ಪರೀಕ್ಷೆ, ಹದಿಮೂರಕ್ಕೋ ಹದಿನೈದಕ್ಕೋ ವಿದ್ಯಾಲಯ. ಓದುಗರಿಗೆ ದಾರಿ ಗೊತ್ತಿರುವುದರಿಂದ ಮೊದಲ ಹತ್ತು ಅಧ್ಯಾಯ ಸಲೀಸಾಗಿ ಓಡುತ್ತವೆ.

ತೊಂದರೆ ಇರುವುದು ಮಾತಿನಲ್ಲಿ. ನಮ್ಮ ಹುಡುಗರಿಗೆ ನಾನು ಒಂದು ಪರೀಕ್ಷೆ ಕೊಡುತ್ತೇನೆ. ಮಗ ಕತ್ತಲಾದ ಮೇಲೆ ಮನೆಗೆ ಬಂದಿದ್ದಾನೆ, ತಾಯಿ ಬೈಯುತ್ತಾಳೆ, ಆ ಬೈಗುಳ ಬರೆಯಿರಿ. ಬ್ಯಾರನ್‌ನ ಹೆಂಡತಿ ಹೇಳುತ್ತಾಳೆ: "ಮಗನೇ, ನಿನ್ನ ವರ್ತನೆ ನಮ್ಮ ಮನೆತನಕ್ಕೆ ಶೋಭೆಯಲ್ಲ." ಡಬ್ಬಿಂಗ್ ಸಿನಿಮಾದ ಹಾಗೆ ಕೇಳಿಸುತ್ತೆ, ಅಲ್ವಾ? ಅದೇ ತಾಯಿ ದುರ್ಗದ ಸೀಮೆಯವಳಾದರೆ, "ಎಲ್ಲಿ ಹಾಳಾಗಿ ಹೋಗಿದ್ದೆಲೇ ಮುಂಜಾನಿಂದ? ಉಂಡೀಯೋ ಇಲ್ವೋ?" ಅಂತಾಳೆ. ಸಿಟ್ಟೂ ಬಂತು, ಊಟವೂ ಬಂತು. ಬ್ಯಾರನ್ ಮನೆಯಲ್ಲಿ ನಿಮಗೆ ಬೈಗುಳ ಸರಿಯಾಗಿ ಬಂದರೆ ಧಾರಾಳವಾಗಿ ಅದನ್ನೇ ಬರೆಯಿರಿ. ಕನ್ನಡದಲ್ಲಿ ಅಂಥದ್ದನ್ನು ಸಲೀಸಾಗಿ ಬರೆಯುವ ಒಬ್ಬ ಹುಡುಗಿ ನಮ್ಮ ಗುಂಪಿನಲ್ಲೇ ಇದ್ದಾಳೆ. ಆದರೆ ಅವಳ ಬ್ಯಾರನ್‌ನ ಸೀಮೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ.

ಎರಡನೆಯದು ನಿಜವಾದ ಚಿತ್ರದುರ್ಗ. ಏಳು ಸುತ್ತಿನ ಕೋಟೆ, ನಾಯಕರ ಮನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಈ ಆಯ್ಕೆಯ ಬಲವೂ ಅಪಾಯವೂ ಒಂದೇ ಕಡೆ ಇವೆ: ಕೊನೆ ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಕೊನೆಯ ಮದಕರಿ ನಾಯಕ 1754ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಹಿಂದಿನ ನಾಯಕನಿಗೆ ಗಂಡು ಮಕ್ಕಳಿರಲಿಲ್ಲ. ಜಾನಕಲ್ಲಿನ ಭರಮಪ್ಪ ನಾಯಕನ ಮಗನನ್ನು ಕರೆತಂದು ಪಟ್ಟ ಕಟ್ಟಿದರು. 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಹೋಯಿತು. ನಾಯಕನನ್ನೂ ಮನೆಯವರನ್ನೂ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಸಾವಿರಾರು ಬೇಡರನ್ನು ಅಲ್ಲಿಗೇ ಸಾಗಿಸಿದರು. ವಯಸ್ಸಿಗೆ ಬಂದ ಹುಡುಗರನ್ನು, ಸೆರೆ ತಂದವರಿಂದಲೇ ಕಟ್ಟಿದ 'ಚೇಲಾ' ಪಡೆಗಳಿಗೆ ಸೇರಿಸಿದರು. ಆ ಹುಡುಗರನ್ನು ನೆನೆದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮ್ಮ ಚಿಕ್ಕದೊರೆ ಇವರ ಜೊತೆ ಗರಡಿ ಮನೆಯಲ್ಲಿ ಆಡಿ ಬೆಳೆದವನು ಅಂದುಕೊಳ್ಳಿ. ಅವನು ಗೆದ್ದರೆ ಇವರಿಗೆ ಬೇರೆ ಬದುಕು. ಸೋತರೆ ಇವರ ಪಾಡು ಇತಿಹಾಸದಲ್ಲಿ ಬರೆದಿದೆ. ಬೆಲೆ ತೆರುವವರು ಯಾರು ಅನ್ನುವ ಪ್ರಶ್ನೆಗೆ ಇದಕ್ಕಿಂತ ಭಾರವಾದ ಉತ್ತರ ಬೇಕಾ?

ಆದರೆ ಇನ್ನೊಂದು ಪ್ರಶ್ನೆ ಇದೆ. ನಿಮ್ಮ ಹೀರೋಗೆ ಎಷ್ಟು ಇತಿಹಾಸ ನೆನಪಿರುತ್ತದೆ? ಇಂದಿನ ದಾವಣಗೆರೆಯ ಒಬ್ಬ ಹುಡುಗ ಸತ್ತು ಅಲ್ಲಿ ಹುಟ್ಟಿದ ಅಂದುಕೊಳ್ಳೋಣ. ಇಸವಿಗಳು ಅವನಿಗೆ ಗೊತ್ತಿರುವುದಿಲ್ಲ. ಯಾವ ದಳವಾಯಿ, ಯಾವ ಒಪ್ಪಂದ, ಯಾರು ಕೈಕೊಟ್ಟರು, ಯಾವುದೂ ಗೊತ್ತಿರುವುದಿಲ್ಲ. ಗೊತ್ತಿರುವುದು ಒಂದೇ: ಕಿಂಡಿ, ಒನಕೆ, ಓಬವ್ವ. ಗಂಡ ಕಹಳೆ ಮುದ್ದಹನುಮಪ್ಪ ಊಟಕ್ಕೆ ಕೂತಿದ್ದ, ಓಬವ್ವ ನೀರಿಗೆ ಹೋದವಳು ಕಿಂಡಿಯಲ್ಲಿ ನುಸುಳುತ್ತಿದ್ದ ಸೈನಿಕರನ್ನು ಕಂಡಳು, ಒನಕೆ ತೆಗೆದುಕೊಂಡಳು. ಇಷ್ಟು ನಮ್ಮ ಸೀಮೆಯ ಪ್ರತಿ ಮಗುವಿಗೂ ಗೊತ್ತು.

ಹಾಗಾದರೆ ಏಳು ವರ್ಷದ ಚಿಕ್ಕದೊರೆ ಏನು ಮಾಡುತ್ತಾನೆ? ಹಟ ಮಾಡಿ ಆ ಕಿಂಡಿ ಮುಚ್ಚಿಸುತ್ತಾನೆ. ಓಬವ್ವ ಬದುಕುತ್ತಾಳೆ. ಒನಕೆ ಧಾನ್ಯ ಕುಟ್ಟಲಿಕ್ಕೇ ಉಳಿಯುತ್ತದೆ. ಅವಳ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಶತ್ರು ಬೇರೆ ಯಾವುದೋ ಸಂದಿ ಹುಡುಕುತ್ತಾನೆ, ಅಲ್ಲಿ ಓಬವ್ವ ಇರುವುದಿಲ್ಲ. ಹುಡುಗ ಒಬ್ಬ ಹೆಂಗಸನ್ನು ಉಳಿಸಿ ಕೋಟೆ ಕಳೆದನಾ? ಅವಳು ದಿನಾ ಕೊಡ ಹೊತ್ತು ಎದುರಿಗೇ ಹೋಗುತ್ತಿರುತ್ತಾಳೆ. ಅವನು ಯಾರಿಗೂ ಏನೂ ಹೇಳುವ ಹಾಗಿಲ್ಲ. ನಿಜವಾದ ದುರ್ಗವನ್ನು ಆರಿಸಿದರೆ ಇಂಥ ಕಡೆಗೆ ಹೋಗಿ. ತೋಪು, ತುಪಾಕಿ, ಗೆಲುವಿನ ಕಡೆ ಬೇಡ.

ಇನ್ನೂ ಒಂದು ಮಾತು. ನಾಯಕರು ಇಲ್ಲಿನ ಜನಕ್ಕೆ ಮನೆಯ ಹಿರಿಯರಿದ್ದ ಹಾಗೆ. ನಿಜವಾದ ನಾಯಕನ ಬಾಯಲ್ಲಿ ನಿಮ್ಮ ಮಾತು ತುರುಕಬೇಡಿ. ಹೀರೋ ಆ ಮನೆಯ ಯಾರಿಗೂ ಗೊತ್ತಿಲ್ಲದ ಕಿರಿಯ ಮಗುವಾಗಿರಲಿ. ಕಾಲವನ್ನೂ ಸ್ವಲ್ಪ ಹಿಂದಕ್ಕೆ ಒಯ್ಯಬಹುದು. ಭರಮಣ್ಣ ನಾಯಕನ ಕಾಲ, 1689ರಿಂದ 1721, ಗುಡಿ ಕಟ್ಟಿದ, ಕೆರೆ ಕಟ್ಟಿದ ಕಾಲ. ಅಲ್ಲಿ ನಿಮಗೆ ಕೈಕಾಲು ಆಡಿಸಲು ಜಾಗ ಇದೆ. ಅವನ ಮಗ ಹಿರೇ ಮದಕರಿ ನಾಯಕ 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ತೀರಿಕೊಂಡ. ದಾವಣಗೆರೆಯಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಮಾಯಕೊಂಡ ಸ್ಟೇಷನ್ ದಾಟಿಯೇ ಹೋಗಬೇಕು. ಹಿಂದಿನ ಜನ್ಮದಲ್ಲಿ ಆ ಸ್ಟೇಷನ್ ಬೋರ್ಡನ್ನು ಮಾತ್ರ ನೋಡಿದ್ದ ಹುಡುಗ, ಈ ಜನ್ಮದಲ್ಲಿ ಅಪ್ಪ ಆನೆ ಹತ್ತಿ ಮಾಯಕೊಂಡಕ್ಕೆ ಹೊರಟಾಗ ಯಾಕೆ ಎದೆ ಹೊಡೆದುಕೊಳ್ಳುತ್ತಿದೆ ಅಂತ ಗೊತ್ತಾಗದೆ ನಿಂತಿರುತ್ತಾನೆ. ಈ ದೃಶ್ಯವನ್ನು ಯಾರಾದರೂ ಬರೆದರೆ ನಾನೇ ಮೊದಲು ಓದುತ್ತೇನೆ.

ಮೂರನೆಯದು ನೀವೇ ಕಟ್ಟಿದ ದುರ್ಗ. ಮೊದಲ ಕಥೆ ಬರೆಯುವವರಿಗೆ ನಾನು ಹೇಳುವುದು ಇದನ್ನೇ. ಬಂಡೆ, ಬಿಸಿಲು, ಕೆರೆ, ಜನ ಎಲ್ಲಾ ನಮ್ಮ ಸೀಮೆಯದು. ಹೆಸರು ಮಾತ್ರ ನಿಮ್ಮದು. ಇತಿಹಾಸದ ಕೊನೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ, ಮಾತೂ ಬಾಯಿಗೆ ಸಲೀಸು.

ಆದರೆ ಚಿಕ್ಕದಾಗಿ ಕಟ್ಟಿ. ಹದಿನೆಂಟು ಹಳ್ಳಿ, ಮೂರು ಕೆರೆ, ಒಂದು ಕಣಜ ಸಾಕು. ದಳವಾಯಿ ಯಾರು, ಶಾನುಭೋಗ ಯಾರು, ತಳವಾರ ಯಾರು, ಕೆರೆ ತೂಬು ತೆಗೆಯುವ ನೀರುಗಂಟಿ ಯಾರು, ನಾಯಕನ ಹೆಂಡತಿ ನಾಗತಿಯ ತವರು ಯಾವುದು, ಇಷ್ಟು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹದಿನೆಂಟು ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹುಡುಗ ತಪ್ಪು ಮಾಡಿದರೆ ಯಾರ ಮನೆಯ ಒಲೆ ಉರಿಯಲಿಲ್ಲ ಅಂತ ಸಂಜೆಯೊಳಗೆ ತಿಳಿಯುತ್ತದೆ. ಸಾಮ್ರಾಜ್ಯ ಕಟ್ಟಿದರೆ ಸತ್ತವರು ಬರೀ ಎಣಿಕೆ ಆಗಿಬಿಡುತ್ತಾರೆ.

ನೀರಿನ ಲೆಕ್ಕ ಮೊದಲು ಮಾಡಿ. ಇದು ಮಳೆ ಕಡಿಮೆ ಇರುವ ಸೀಮೆ, ಚಳ್ಳಕೆರೆ ಕಡೆಯಂತೂ ಇನ್ನೂ ಕಡಿಮೆ. ಚಿತ್ರದುರ್ಗದ ಕೋಟೆಯಲ್ಲಿ ಒಂದು ಸಲ ಸುಮ್ನೆ ನೀರಿನ ದಾರಿ ಹಿಡಿದು ಇಳಿದು ನೋಡಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಕೋಡಿ ಬಿದ್ದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಹನಿಯನ್ನು ಒಂದೊಂದಾಗಿ ಕೈ ಬದಲಿಸಿ ಕೆಳಗಿಳಿಸಿದ್ದಾರೆ. ಇದನ್ನು ನೋಡಿದ ಮೇಲೆ ನಿಮ್ಮ ಹೀರೋ ಬಂದು ಇಲ್ಲಿನವರಿಗೆ ನೀರಿನ ಪಾಠ ಹೇಳುತ್ತಾನೆ ಅಂತ ಬರೆಯಲು ಮನಸ್ಸು ಬರುವುದಿಲ್ಲ. ಅವನು ನೀರುಗಂಟಿಯ ಹಿಂದೆ ಬರಿಗಾಲಲ್ಲಿ ಓಡಾಡಿ ಕಲಿಯುವವನಾಗುತ್ತಾನೆ.

ಮಾಯೆ ಮಂತ್ರ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಹೀರೋನ ಶಕ್ತಿ ಎಷ್ಟು ಅಂತ ಕಣ್ಣ ಮುಂದೆ ಗಾಳಿಯಲ್ಲಿ ಅಂಕಿ ತೋರಿಸುವ ಫಲಕದ ಬದಲು ಕಾರಣಿಕ, ಅಂದರೆ ಜಾತ್ರೆಯಲ್ಲಿ ನುಡಿಯುವ ಭವಿಷ್ಯವಾಣಿ, ಇಟ್ಟುಕೊಳ್ಳಿ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲೇರಿ "ಸದ್ದಲೇ" ಅನ್ನುತ್ತಾನೆ. ಅಷ್ಟು ಸಾವಿರ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಒಂದೇ ಒಂದು ಸಾಲು ಹೇಳಿ ಕೆಳಕ್ಕೆ ಬೀಳುತ್ತಾನೆ. ಆ ಸಾಲಿಗೆ ಮಳೆ ಅಂತ ಒಬ್ಬರು, ಬೆಲೆ ಅಂತ ಒಬ್ಬರು, ದೊರೆತನ ಅಂತ ಒಬ್ಬರು ಅರ್ಥ ಹೇಳುತ್ತಾರೆ. ಚಿಕ್ಕದೊರೆ ಹುಟ್ಟಿದ ವರ್ಷದ ಕಾರಣಿಕ ಏನಿತ್ತು? ಅದನ್ನು ಯಾರು ಹೇಗೆ ಅರ್ಥ ಮಾಡಿಕೊಂಡರು? ಅರ್ಧ ಕಥೆ ಅಲ್ಲೇ ಸಿಗುತ್ತದೆ.

ಎಷ್ಟನೇ ಮಗು

ಇದನ್ನು ಬೇಗ ಮುಗಿಸುತ್ತೇನೆ. ಹಿರಿಮಗನಾದರೆ ಕಣ್ಣೆಲ್ಲಾ ಅವನ ಮೇಲೆ, ಗುಟ್ಟು ಕಾಯುವುದು ಕಷ್ಟ, ಕಥೆ ಬಿಗಿಯಾಗುತ್ತದೆ. ಮೂರನೇ ಮಗನಾದರೆ ಯಾರೂ ಗಮನಿಸುವುದಿಲ್ಲ, ಅಡುಗೆಮನೆ, ಲಾಯ, ಕಣಜ ಎಲ್ಲಾ ತಿರುಗಬಹುದು. ಅದಕ್ಕೇ ಜಪಾನಿನ ಕಥೆಗಳಲ್ಲಿ ಕಿರಿಯ ಮಕ್ಕಳು ಜಾಸ್ತಿ. ಹೆಣ್ಣುಮಗುವಾದರೆ ಮದುವೆ ಅನ್ನುವ ಗಡುವು ತಾನಾಗಿಯೇ ಬರುತ್ತದೆ. ಯಾವ ಪಾಳೆಯಕ್ಕೆ ಸೊಸೆಯಾಗಿ ಹೋಗುತ್ತಾಳೆ ಅನ್ನುವುದರ ಮೇಲೆ ಎರಡು ಊರುಗಳ ಕದನವೇ ನಿಂತಿರುತ್ತದೆ. ಬರೆಯುವವರು ಇದನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ, ಪಕ್ಕದ ಕವಲಿನಿಂದ ಕರೆತಂದ ಹುಡುಗ. ಮೇಲೆ ಹೇಳಿದ ಜಾನಕಲ್ಲಿನ ಹುಡುಗನ ಹಾಗೆ. ಅವನಿಗೆ ಈ ಜನ್ಮದಲ್ಲೇ ಎರಡು ಮನೆ. ಹಿಂದಿನ ಜನ್ಮದ್ದು ಸೇರಿದರೆ ಮೂರು. ಮೂರು ಮನೆಗೂ ಅವನು ಪೂರ್ತಿ ಸೇರಿದವನಲ್ಲ. ಪಟ್ಟಕ್ಕೆ ತಂದು ಕೂರಿಸಿದವರು ಅವನಿಂದ ಏನೋ ಬಯಸಿಯೇ ಕೂರಿಸಿರುತ್ತಾರೆ. ಚಿತ್ರದುರ್ಗದಲ್ಲೇ ದಳವಾಯಿ ಮುದ್ದಣ್ಣನ ಕಾಲದಲ್ಲಿ ಪಟ್ಟದಲ್ಲಿ ಯಾರೇ ಇದ್ದರೂ ಅಧಿಕಾರ ದಳವಾಯಿಯ ಕೈಯಲ್ಲಿತ್ತು. ಚಿಕ್ಕ ಹುಡುಗ, ದೊಡ್ಡ ದಳವಾಯಿ, ನಡುವೆ ಬುದ್ಧಿವಂತ ನಾಗತಿ. ಬೇರೆ ಖಳನಾಯಕನನ್ನು ಹುಡುಕಬೇಕಾಗಿಲ್ಲ.

ನೆನಪು ಯಾವಾಗ ಬರಬೇಕು

ಹುಟ್ಟಿದ ಕೂಡಲೇ ಎಲ್ಲಾ ನೆನಪಿದೆ ಅಂತ ಶುರು ಮಾಡುವವರು ಜಾಸ್ತಿ. ತೊಟ್ಟಿಲಲ್ಲಿ ಮಲಗಿ ಮೂವತ್ತು ವರ್ಷದ ಗಂಡಸಿನ ಹಾಗೆ ಯೋಚಿಸುವ ಕೂಸು. ಓದಲು ಮಜಾ ಇರುತ್ತದೆ, ಆದರೆ ಒಂದು ಪೆಟ್ಟು ಬೀಳುತ್ತದೆ: ಅವನು ಯಾವತ್ತೂ ಮಗುವೇ ಆಗುವುದಿಲ್ಲ. ಹೆತ್ತವಳು ಅವನಿಗೆ ತಾಯಿ ಅನ್ನಿಸುವುದೇ ಇಲ್ಲ.

ಐದು ಆರು ವರ್ಷಕ್ಕೆ ಜ್ವರ ಬಂದೋ, ಬಂಡೆಯಿಂದ ಬಿದ್ದೋ ನೆನಪು ಬರುವುದು ಎರಡನೆಯ ದಾರಿ. ಅಷ್ಟು ಹೊತ್ತಿಗೆ ಅವನಿಗೆ ಅವ್ವ ಇದ್ದಾಳೆ, ಗೆಳೆಯರಿದ್ದಾರೆ. ಈಗ ಇನ್ನೊಬ್ಬ ಅವ್ವ ನೆನಪಾಗುತ್ತಾಳೆ. ಜಗಳ ಒಳಗೇ ಶುರುವಾಯಿತು.

ಮೂರನೆಯದು ಪಂಪನ ದಾರಿ. 941ರಲ್ಲಿ ಬರೆದ 'ಆದಿಪುರಾಣ'ದಲ್ಲಿ ಶ್ರೀಮತಿ ಅನ್ನುವ ರಾಜಕುಮಾರಿ ಆಕಾಶದಲ್ಲಿ ಹೋಗುತ್ತಿದ್ದ ದೇವತೆಗಳನ್ನು ಕಂಡು ಮೂರ್ಛೆ ಹೋಗುತ್ತಾಳೆ. ಎದ್ದಾಗ ಹಿಂದಿನ ಜನ್ಮದ ಗಂಡ ಲಲಿತಾಂಗ ನೆನಪಾಗಿರುತ್ತಾನೆ. ಯಾರಿಗೂ ಹೇಳುವ ಹಾಗಿಲ್ಲ. ಅವಳು ಏನು ಮಾಡುತ್ತಾಳೆ ಗೊತ್ತಾ? ಆ ಜನ್ಮದ ಚಿತ್ರ ಬರೆಯುತ್ತಾಳೆ. ಅವಳ ದಾದಿ ಆ ಪಟವನ್ನು ಬಸದಿಯಲ್ಲಿ ಇಡುತ್ತಾಳೆ. ಬಂದವರೆಲ್ಲಾ ನೋಡಿ ಹೋಗುತ್ತಾರೆ. ಒಬ್ಬ ಮಾತ್ರ ಅದರ ಮುಂದೆ ನಿಂತುಬಿಡುತ್ತಾನೆ, ವಜ್ರಜಂಘ. ಅವನಿಗೂ ನೆನಪಾಗುತ್ತದೆ.

ಸಾವಿರ ವರ್ಷ ಹಳೆಯದಾದ ಈ ಉಪಾಯ ಇವತ್ತಿಗೂ ಎಷ್ಟು ಹೊಸದು ನೋಡಿ. ನೆನಪು ಒಂದು ವಸ್ತುವಿನ ಮೂಲಕ ಬರುತ್ತದೆ, ಒಂದು ವಸ್ತುವಾಗಿ ಹೊರಗೆ ಹೋಗುತ್ತದೆ. ನಿಮ್ಮ ಚಿಕ್ಕದೊರೆ ಅರಮನೆಯ ಮಣ್ಣು ಗೋಡೆಯ ಮೇಲೆ ಇದ್ದಿಲಿನಲ್ಲಿ ದಾವಣಗೆರೆಯ ಒಂದು ಬೀದಿ ಬರೆಯಲಿ. ಬೆಣ್ಣೆ ದೋಸೆ ಹಂಚಿನ ಮುಂದೆ ಕೂತ ಜನ, ಕರೆಂಟ್ ಕಂಬ, ಬಸ್ಸು. ಎಲ್ಲರೂ ಹುಡುಗ ಏನೋ ಗೀಚಿದ್ದಾನೆ ಅಂತ ನಗುತ್ತಾರೆ. ಕಣಜಕ್ಕೆ ಜೋಳ ಹೊತ್ತು ಬಂದ ಒಬ್ಬಳು ಮುದುಕಿ ಮಾತ್ರ ಮೂಟೆ ಇಳಿಸದೆ ಹಾಗೇ ನಿಲ್ಲಲಿ. ನೆನಪು ಹನಿ ಹನಿಯಾಗಿ ಬರುವ ಈ ದಾರಿಗೆ ತಾಳ್ಮೆ ಬೇಕು. ಆದರೆ ಆಯ್ಕೆ ನನ್ನದಾದರೆ ಇದೇ.

ಹಿಂದಿನ ಜನ್ಮದಲ್ಲಿ ಏನಾಗಿದ್ದ

ಹತ್ತರಲ್ಲಿ ಎಂಟು ಜನ ಇಂಜಿನಿಯರ್ ಅಂತ ಬರೆಯುತ್ತಾರೆ. ಎರಡನೇ ಅಧ್ಯಾಯಕ್ಕೆ ಸೋಪು, ಐದನೇ ಅಧ್ಯಾಯಕ್ಕೆ ಮದ್ದಿನ ಪುಡಿ, ಹತ್ತಕ್ಕೆ ತೋಪು.

ಅಂಥವರನ್ನು ನಾನು ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಬನಶಂಕರಿ ಗುಡಿಯ ಹತ್ತಿರ ಒಂದು ತಗ್ಗು ಇದೆ. ಅದರಲ್ಲಿ ನಾಲ್ಕು ಬೀಸುವ ಕಲ್ಲುಗಳಿವೆ. ಆಳೆತ್ತರದ ತಗ್ಗು, ಒಂದೊಂದು ಕಲ್ಲೂ ಮನುಷ್ಯರ ಕೈಗೆ ಅಲ್ಲಾಡದಷ್ಟು ದೊಡ್ಡದು. ಮದ್ದು ಅರೆಯಲು ಇದ್ದ ಕಲ್ಲುಗಳು. ಇದ್ದಿಲು, ಗಂಧಕ, ಪೆಟ್ಲುಪ್ಪು ಇಲ್ಲಿ ಅರೆದು ಸೇರುತ್ತಿತ್ತು. ಹೋದ ಸಲ ಒಬ್ಬ ಹುಡುಗ ತಗ್ಗಿಗಿಳಿದು ಕಲ್ಲಿನ ಅಂಚಿಗೆ ಅಂಗೈ ಇಟ್ಟು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ, "ಇವರಿಗೆ ನನ್ನ ಹೀರೋ ಏನು ಹೇಳಿಕೊಡ್ತಾನೆ?" ಅಂದ. ಅದೇ ಸರಿಯಾದ ಪ್ರಶ್ನೆ. ಹದಿನೆಂಟನೇ ಶತಮಾನದ ದುರ್ಗಕ್ಕೆ ಮದ್ದು ಹೊಸದಲ್ಲ. ಹೈದರನ ಪಡೆಯಲ್ಲಿ ರಾಕೆಟ್ಟೂ ಇತ್ತು. ಇಂಜಿನಿಯರ್ ಹೀರೋ ಬೇಕಾದರೆ ಆ ಕಾಲದವರಿಗೆ ಏನು ಬರುತ್ತಿತ್ತು ಅಂತ ಮೊದಲು ತಿಳಿದುಕೊಳ್ಳಿ.

ನರ್ಸ್ ಆಗಿದ್ದವಳನ್ನು ತೆಗೆದುಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು ನಾಯಕನ ಎರಡನೇ ಮಗನಾಗಿ ಹುಟ್ಟಿದ್ದಾಳೆ. ಏಳು ವರ್ಷದ ಹುಡುಗನ ಮೈ. ಊಳಿಗದವಳ ಕೂಸಿಗೆ ವಾಂತಿಭೇದಿ, ಕಣ್ಣು ಗುಳಿ ಬಿದ್ದಿದೆ. ಹುಡುಗನಿಗೆ ಲೆಕ್ಕ ಬಾಯಿಪಾಠ: ಕಾಯಿಸಿ ಆರಿಸಿದ ಒಂದು ಲೀಟರ್ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಆದರೆ ಇಲ್ಲಿ ಲೀಟರ್ ಎಲ್ಲಿದೆ? ಟೀ ಚಮಚ ಎಲ್ಲಿದೆ? ಇರುವುದು ಸೇರು, ಪಾವು. ಸಕ್ಕರೆ ಇಲ್ಲ, ಬೆಲ್ಲ ಇದೆ. ಉಪ್ಪು ಹರಳು ಹರಳಾಗಿದೆ. ಜಾಸ್ತಿಯಾದರೆ ಕೂಸಿಗೆ ಅದೇ ವಿಷ. ಅವನಿಗೆ ಹಳೇ ಮಾತೊಂದು ನೆನಪಾಗುತ್ತದೆ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಾನೆ. ತಾಯಿ ಅವನನ್ನೇ ನೋಡುತ್ತಿದ್ದಾಳೆ. ದೊರೆಮಗ ಕೊಟ್ಟಿದ್ದನ್ನು ಬೇಡ ಅನ್ನುವ ಹಾಗಿಲ್ಲ ಅವಳಿಗೆ. ಬೇರೆ ಮಗು ಕೊಟ್ಟಿದ್ದರೆ ಕೈ ತಳ್ಳುತ್ತಿದ್ದಳು.

ಆ ಕೊನೆಯ ಸಾಲಿಗಾಗಿಯೇ ಅವನು ದೊರೆಮಗ ಆಗಿರಬೇಕು. ತೋಪು ಕಾಸುವ ಹತ್ತು ಅಧ್ಯಾಯಕ್ಕಿಂತ ಈ ಒಂದು ಪಾವು ನೀರು ದೊಡ್ಡದು.

ಇನ್ನೊಂದು ಆಯ್ಕೆ ನಮ್ಮ ಊರಿನದೇ. ದಾವಣಗೆರೆಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಅಷ್ಟು ಹತ್ತಿ ಗಿರಣಿಗಳಿದ್ದವು. ಒಂದೊಂದಾಗಿ ಮುಚ್ಚಿದವು. ಗಿರಣಿಯ ನೂಲಿನ ವಿಭಾಗದಲ್ಲಿ ದುಡಿದು, ಗಿರಣಿ ಮುಚ್ಚಿದ ಮೇಲೆ ಕೈ ಖಾಲಿಯಾದ ಒಬ್ಬ ಕಾರ್ಮಿಕ ಪಾಳೆಗಾರನ ಮನೆಯಲ್ಲಿ ಹುಟ್ಟುತ್ತಾನೆ. ಕಡಿದ ಎಳೆಯನ್ನು ಕಣ್ಣು ಮುಚ್ಚಿ ಕೂಡಿಸುವ ಬೆರಳು ಅವನದು. ಸುತ್ತ ಕುರಿ ಇದೆ, ಉಣ್ಣೆ ಇದೆ, ಕಂಬಳಿ ನೇಯುವವರಿದ್ದಾರೆ, ಮನೆ ಮನೆಯಲ್ಲಿ ಮುದುಕಿಯರು ನೂಲುತ್ತಾರೆ. ಒಬ್ಬರು ನೂಲುವ ಹೊತ್ತಿಗೆ ಎಂಟು ಎಳೆ ತೆಗೆಯುವ ಯಂತ್ರ ಮಾಡಬಹುದು ಅಂತ ಅವನಿಗೆ ಗೊತ್ತು.

ಇಂಗ್ಲೆಂಡಿನಲ್ಲಿ ಹಾರ್ಗ್ರೀವ್ಸ್ ಅಂಥದ್ದೇ ಯಂತ್ರ ಮಾಡಿದ್ದು 1764ರ ಸುಮಾರಿಗೆ, ಕೊನೆಯ ಮದಕರಿ ನಾಯಕ ಆಳುತ್ತಿದ್ದ ಕಾಲದಲ್ಲೇ. 1768ರಲ್ಲಿ ಜನ ಅವನ ಮನೆಗೆ ನುಗ್ಗಿ ಯಂತ್ರಗಳನ್ನು ಒಡೆದು ಹಾಕಿದರು. ನಮ್ಮ ಚಿಕ್ಕದೊರೆಯ ಮನೆಗೆ ಯಾರೂ ನುಗ್ಗಲಾರರು, ಬಾಗಿಲಲ್ಲಿ ಕಾವಲಿದೆ. ಮುದುಕಿಯರು ಕದಿರು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ಮನೆಗೆ ಹೋಗುತ್ತಾರೆ. ಗಿರಣಿ ಮುಚ್ಚಿದ ದಿನ ತಾನು ಗೇಟಿನ ಹೊರಗೆ ನಿಂತಿದ್ದು ಅವನಿಗೆ ನೆನಪಾಗದೆ ಇರುತ್ತದಾ? ಆಗ ಮುಚ್ಚಿದವರು ಬೇರೆ ಯಾರೋ. ಈಗ ಮುಚ್ಚುತ್ತಿರುವವನು ಅವನೇ.

ನಾನು ಹೋಲಿಸಿ ನೋಡಿದ ಎಲ್ಲಾ ಜೋಡಿಗಳಲ್ಲಿ ಇದು ನನ್ನ ಮನಸ್ಸಿಗೆ ಹತ್ತಿರ. ಕಳೆದುಕೊಂಡವನೇ ಈಗ ಕಸಿದುಕೊಳ್ಳುವ ಜಾಗದಲ್ಲಿ ಹುಟ್ಟಿದ್ದಾನೆ.

ಯಾರಿಗೆ ಯಾವುದು

ದಿನಕ್ಕೊಂದು ಅಧ್ಯಾಯ ಹಾಕಬೇಕು, ಓದುಗರು ಬೇಗ ಸೇರಬೇಕು ಅನ್ನುವವರು ಬ್ಯಾರನ್ ಮನೆಯನ್ನೇ ಹಿಡಿಯಿರಿ, ಬೈಗುಳದ ಪರೀಕ್ಷೆ ಮಾತ್ರ ಮಾಡಿ. ಗ್ರಂಥಾಲಯದಲ್ಲಿ ಕೂರುವ ತಾಳ್ಮೆ ಇದ್ದವರು, ಕೋಟೆಯನ್ನು ಹತ್ತು ಸಲ ಹತ್ತಿಳಿದವರು ನಿಜವಾದ ದುರ್ಗಕ್ಕೆ ಹೋಗಿ, ಆದರೆ ಯಾರಿಗೂ ಗೊತ್ತಿಲ್ಲದ ಮಗುವನ್ನು ಆರಿಸಿಕೊಳ್ಳಿ. ಮೊದಲ ಕಥೆ ಬರೆಯುವವರಿಗೆ ಹದಿನೆಂಟು ಹಳ್ಳಿಯ ಸ್ವಂತ ದುರ್ಗ. ಹಿಂದಿನ ಜನ್ಮಕ್ಕೆ ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹತ್ತಿರದಿಂದ ನೋಡಿದ ಕೆಲಸವನ್ನೇ ಕೊಡಿ. ನೂಲಿನ ಎಳೆ ಕೂಡಿಸುವುದು ಹೇಗೆ ಅಂತ ನಮ್ಮ ಹುಡುಗನಿಗೆ ಗೊತ್ತು, ಅವನ ತಾತ ಗಿರಣಿಯಲ್ಲಿದ್ದವರು.

ಹೌದು, ಅವನು ಕೊನೆಗೆ ಅದನ್ನೇ ಆರಿಸಿದ. ಸ್ವಂತ ದುರ್ಗ, ಪಕ್ಕದ ಕವಲಿನಿಂದ ತಂದ ಹುಡುಗ, ಹಿಂದಿನ ಜನ್ಮದಲ್ಲಿ ಗಿರಣಿ ಕೆಲಸ, 14ನೇ ವಯಸ್ಸಿನವರೆಗೆ ಹನಿ ಹನಿಯಾಗಿ ನೆನಪು. ಬ್ಯಾರನ್ ಕಥೆಯ ಅರ್ಧ ನೋಟ್‌ಬುಕ್ ಹಾಗೇ ಇಟ್ಟಿದ್ದಾನೆ, ಹರಿದಿಲ್ಲ. ಹೋದ ಶನಿವಾರ ಮೂರನೇ ಅಧ್ಯಾಯದಲ್ಲಿ ನಿಂತುಬಿಟ್ಟಿದ್ದ. ಪಟ್ಟಕ್ಕೆ ತಂದ ದಿನ ರಾತ್ರಿ ನಾಗತಿ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾಲನ್ನ ಕಲಸಿ ತುತ್ತು ಎತ್ತುತ್ತಾಳೆ.

"ಮಾಮ, ಅವನು ಆಕೆನಾ ಏನಂತ ಕರೀಬೇಕು? ಹೆತ್ತಾಕಿ ಊರಲ್ಲಿದಾಳೆ. ಅದಕ್ಕೂ ಮುಂಚಿನಾಕಿ ದಾವಣಗೆರೆಲಿದಾಳೆ. ಇಬ್ರೂ ಅವ್ವನೇ."

"ನೀನೇನು ಬರೆದಿದ್ದೀಯ?"

ನೋಟ್‌ಬುಕ್ ನನ್ನ ಕಡೆ ತಿರುಗಿಸಿದ. ಹುಡುಗ ಬಾಯಿ ತೆರೆದಿದ್ದಾನೆ, ತುತ್ತು ಇಸಿದುಕೊಂಡಿದ್ದಾನೆ, ಇನ್ನೂ ಏನೂ ಕರೆದಿಲ್ಲ.